ಮಿಂಚಿಯ ಮೊಗಸಾಲೆ

ಮಕ್ಕಳೇ, ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ದೊಡ್ಡವರು ಹೇಳುವುದನ್ನು ನೀವು ಕೇಳಿರುತ್ತೀರಿ. ಮದುವೆಯ ವಿಷಯ ನಿಮಗೆ ಈಗ ಬೇಡ. ಮನೆ ಕಟ್ಟಿದವರ ಕತೆ ಹೇಳುತ್ತೇನೆ. ಕಟ್ಟಿದವರು ಹಕ್ಕಿಗಳು, ಆದರೆ ಬುದ್ಧಿ ಮಾತ್ರ ನಮ್ಮಂಥದ್ದೇ.

ಒಂದು ಕುರುಚಲು ಕಾಡು, ಅದರ ನಡುವೆ ಒಂದು ಕೊಳ. ಕೊಳದ ದಡದಲ್ಲಿ ಮುಂದಕ್ಕೆ ಚಾಚಿಕೊಂಡ ದೊಡ್ಡ ಬಂಡೆ. ಪ್ರತಿ ಬೇಸಿಗೆಯಲ್ಲೂ ಅಂಬರಗುಬ್ಬಿಗಳು ಬಂದು ಆ ಬಂಡೆಯ ಅಡಿಗೆ ಮಣ್ಣಿನ ಮನೆ ಕಟ್ಟುತ್ತಿದ್ದವು. ಕೊಕ್ಕಿನಲ್ಲಿ ಒಂದೊಂದೇ ಉಂಡೆ ಕೆಸರು ತಂದು, ಮೆತ್ತಿ ಮೆತ್ತಿ, ಮಡಕೆಯ ಹಾಗೆ ಒಂದು ಕೋಣೆ ಮಾಡುತ್ತಿದ್ದವು. ಅನುಕೂಲ ಇದ್ದವರು ಅದರ ಮುಂದೆ ಕೊಳವೆಯ ಹಾಗೆ ಉದ್ದಕ್ಕೆ ಒಂದು ಮೊಗಸಾಲೆಯನ್ನೂ ಕಟ್ಟಿಕೊಳ್ಳುವರು. ಮೊಟ್ಟೆ ಇಡಲು ಕೋಣೆ ಸಾಕು. ಮೊಗಸಾಲೆ ಇರುವುದು ನಾಲ್ಕು ಜನ ನೋಡಲಿ ಅಂತ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ದಿನಕ್ಕೆ ಒಂದೇ ವರಸೆ. ಬೆಳಗ್ಗೆ ಒಂದು ಸುತ್ತು ಮಣ್ಣು ಮೆತ್ತಿದರೆ ಮುಗಿಯಿತು, ಅದು ಒಣಗುವ ತನಕ ಮೇಲೆ ಮತ್ತೊಂದು ಸುತ್ತು ಇಡುವ ಹಾಗಿಲ್ಲ. ಹಸಿ ಗೋಡೆಯ ಮೇಲೆ ಹಸಿ ಮಣ್ಣು ನಿಲ್ಲುವುದಿಲ್ಲ. ಇದನ್ನು ಅಂಬರಗುಬ್ಬಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅಜ್ಜಿ ಮುತ್ತಜ್ಜಿಯರ ಕಾಲದಿಂದ ನಡೆದು ಬಂದದ್ದು.

ಮಣ್ಣು ಸಿಗುತ್ತಿದ್ದದ್ದು ಕಾಳವ್ವನ ಹತ್ತಿರ. ಕಾಳವ್ವ ಅಂದರೆ ಒಂದು ಮುದಿ ಎಮ್ಮೆ. ಯಾರ ಮನೆಯದೋ, ಎಂದೋ ತಪ್ಪಿಸಿಕೊಂಡು ಬಂದು ಅಲ್ಲೇ ಉಳಿದುಬಿಟ್ಟಿತ್ತು. ಬಂಡೆಯ ನೇರ ಕೆಳಗೆ ಅವಳ ಕೆಸರುಗುಂಡಿ. ದಿನವಿಡೀ ಅದರಲ್ಲಿ ಹೊರಳಿ, ತುಳಿದು, ಕೆಸರನ್ನು ಹದ ಮಾಡಿ ಇಡುತ್ತಿದ್ದಳು. ಅಂಥ ಜಿಗುಟು ಮಣ್ಣು ಸುತ್ತಮುತ್ತ ಎಲ್ಲೂ ಇರಲಿಲ್ಲ. ಆದರೆ ಬಿಟ್ಟಿ ಕೊಡುತ್ತಿರಲಿಲ್ಲ. ಅವಳ ಮೈಮೇಲಿನ ಐದು ನೊಣ ಹಿಡಿದರೆ ಒಂದು ಕೊಕ್ಕು ಕೆಸರು.

ಆ ವರ್ಷ ಬಂಡೆಯಡಿ ಎರಡು ಮನೆ ಎದ್ದವು, ಅಕ್ಕಪಕ್ಕದಲ್ಲೇ. ಒಂದು ಮಿಂಚಿಯದು, ಇನ್ನೊಂದು ಸಂಪಿಯದು. ಇಬ್ಬರೂ ಓರಗಿತ್ತಿಯರು, ಅಂದರೆ ಅಣ್ಣತಮ್ಮಂದಿರ ಹೆಂಡತಿಯರು. ಮಿಂಚಿ ಹಿರಿಯಳು, ಸಂಪಿ ಕಿರಿಯಳು. ಇಬ್ಬರೂ ಮೊಟ್ಟೆ ಇಡುವ ದಿನ ಹತ್ತಿರ ಬಂದಿತ್ತು. ರೋಹಿಣಿ ಮಳೆ ಬೀಳುವ ಮುಂಚೆ ತಲೆಯ ಮೇಲೊಂದು ಸೂರು ಆಗಲೇಬೇಕಿತ್ತು.

ಮಿಂಚಿ ಕೆಟ್ಟವಳೇನಲ್ಲ. ಗೇಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದೇ ಒಂದು ಕಾಯಿಲೆ, ಸಂಪಿಯ ಕಡೆ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಸಂಪಿ ನಕ್ಕರೆ, "ಏನು ನಗೋದಿದೆ ಇವಳಿಗೆ?" ಸಂಪಿ ಸುಮ್ಮನಿದ್ದರೆ, "ನೋಡು, ಎಷ್ಟು ಸೊಕ್ಕು." ಇದಕ್ಕೆ ಯಾವ ವೈದ್ಯ ಮದ್ದು ಕೊಟ್ಟಾನು?

ಒಂದು ದಿನ ಮಿಂಚಿ ಕೆಸರಿಗೆ ಇಳಿದಾಗ ಕಾಳವ್ವ ಮೆಲುಕು ಹಾಕುತ್ತಾ ಅಂದಳು, "ನಿನ್ನ ತಂಗಿ ಮನೆಗೆ ಮೊಗಸಾಲೆ ಹಾಕ್ತಾಳಂತೆ ಕಣೆ. ಬುಡ ಹಾಕಿರೋದೇ ಎಷ್ಟು ಚೆಂದ ಕಾಣ್ತದೆ."

ಮಿಂಚಿಯ ಕೊಕ್ಕಿನಲ್ಲಿದ್ದ ಕೆಸರು ಹಾಗೇ ಕೆಳಗೆ ಬಿತ್ತು. ಅವಳ ಲೆಕ್ಕದಲ್ಲಿ ಮೊಗಸಾಲೆ ಇರಲೇ ಇಲ್ಲ. ಕೋಣೆಗೆ ಇನ್ನು ಮೂರು ವರಸೆ ಆದರೆ ಮನೆ ಮುಗಿಯುತ್ತಿತ್ತು.

ಮನೆಗೆ ಬಂದವಳೇ ಗಂಡನನ್ನು ಕರೆದಳು. ಗಂಡನ ಹೆಸರು ಬಾಣ. ಹೆಸರು ಮಾತ್ರ ಬಾಣ, ಪಾಪ, ಹೆಂಡತಿಯ ಎದುರು ಬಲು ಮೆತ್ತಗೆ.

"ನಮಗೂ ಮೊಗಸಾಲೆ ಬೇಕು. ಅವಳದಕ್ಕಿಂತ ಒಂದು ಗೇಣು ಉದ್ದ ಇರಬೇಕು."

"ಗೇಣು ಅಂದರೆ ನಮ್ಮಿಬ್ಬರನ್ನ ಉದ್ದಕ್ಕೆ ಮಲಗಿಸಿದಷ್ಟು ಕಣೆ," ಅಂದ ಬಾಣ. "ಮೊದಲು ಕೋಣೆ ಮುಗಿಸೋಣ. ಮೊಟ್ಟೆ ಮೊಗಸಾಲೆಯಲ್ಲಿ ಇಡ್ತೀಯಾ?"

"ಓರಗಿತ್ತಿ ಮುಂದೆ ನಾನು ತಲೆ ತಗ್ಗಿಸಿ ಓಡಾಡಬೇಕು ಅಂತ ನಿನ್ನ ಆಸೆ, ಅಲ್ವಾ?"

ಬಾಣ ಕೆಸರು ತರಲು ಹಾರಿದ.

ಇಷ್ಟರಲ್ಲಿ ಬಿಸಿಲು ಜೋರಾಯಿತು. ಕೊಳದ ನೀರು ಹಿಂದೆ ಸರಿಯಿತು, ಕೆಸರುಗುಂಡಿ ಅಂಚಿನಿಂದ ಒಣಗುತ್ತಾ ಬಂತು. ಮರುದಿನ ಬೆಳಗ್ಗೆ ಕಾಳವ್ವ ಇಬ್ಬರನ್ನೂ ಕರೆದು ಹೇಳಿದಳು, "ಇವತ್ತಿಂದ ಕೊಕ್ಕಿಗೆ ಎಂಟು ನೊಣ ಕಣ್ರಮ್ಮ."

"ಇದೇನು ಅನ್ಯಾಯ? ನಿನ್ನೆ ಐದಿತ್ತು," ಅಂದಳು ಮಿಂಚಿ.

"ನಿನ್ನೆ ಗುಂಡಿ ಇಷ್ಟಗಲ ಇತ್ತು. ಈಗ ನನಗೇ ಮಗ್ಗುಲು ಬದಲಾಯಿಸೋಕೆ ಜಾಗ ಇಲ್ಲ. ನಾಳೆ ಹನ್ನೆರಡಾದರೂ ಆಗಬಹುದು, ಈಗಲೇ ಹೇಳಿರ್ತೀನಿ."

ಸಂಪಿ ಸ್ವಲ್ಪ ಹೊತ್ತು ತನ್ನ ಮನೆಯನ್ನೇ ನೋಡುತ್ತಾ ಕೂತಳು. ಆಮೇಲೆ ಮೊಗಸಾಲೆಗೆಂದು ಹಾಕಿದ್ದ ಬುಡವನ್ನು ತಾನೇ ಕಿತ್ತು, ಆ ಮಣ್ಣನ್ನು ಮತ್ತೆ ನೆನೆಸಿ ಕೋಣೆಯ ಗೋಡೆಗೆ ಮೆತ್ತಿದಳು.

"ಯಾಕೆ ತಂಗಿ, ಮೊಗಸಾಲೆ ಬೇಡವಾಯ್ತಾ?" ಅಂತ ಮಿಂಚಿ ಕೇಳಿದಳು. ದನಿಯಲ್ಲಿ ಸಕ್ಕರೆ, ಹೊಟ್ಟೆಯಲ್ಲಿ ಕೆಂಡ.

"ಬೇಡ ಅಂತಲ್ಲ ಅಕ್ಕ, ಆಸೆ ಇತ್ತು. ಈ ರೇಟಲ್ಲಿ ಎಲ್ಲಿ ಆಗ್ತದೆ? ಮೊಗಸಾಲೆ ಮುಂದಿನ ವರ್ಷ ಕಟ್ಟಿದರಾಯ್ತು, ಮೊಟ್ಟೆ ಮುಂದಿನ ವರ್ಷಕ್ಕೆ ಕಾಯಲ್ವಲ್ಲ."

ಮಕ್ಕಳೇ, ಇಲ್ಲಿಗೇ ಮಿಂಚಿಗೆ ಸಮಾಧಾನ ಆಗಬೇಕಿತ್ತು. ಪಕ್ಕದವಳಿಗೆ ಮೊಗಸಾಲೆ ಇಲ್ಲ ಅಂದಮೇಲೆ ತನಗೇಕೆ ಬೇಕು? ಆದರೆ ಹೊಟ್ಟೆಕಿಚ್ಚು ಹಾಗೆಲ್ಲ ಆರುವುದಿಲ್ಲ. 'ಅವಳಿಗೆ ಇಲ್ಲ, ನನಗಿದ್ದರೆ ಎಷ್ಟು ಚೆಂದ' ಅಂತ ಅವಳ ಆಸೆ ಇನ್ನೂ ದೊಡ್ಡದಾಯಿತು. ಜೊತೆಗೆ ಇನ್ನೊಂದು ಯೋಚನೆಯೂ ಬಂತು. ಸಂಪಿಯ ಕೋಣೆಗೂ ಇನ್ನು ಎರಡು ಮೂರು ವರಸೆ ಬಾಕಿ ಇದೆ. ಕೆಸರೇ ಸಿಗದಿದ್ದರೆ?

ಮಿಂಚಿ ನೇರವಾಗಿ ಕಾಳವ್ವನ ಕೊಂಬಿನ ಮೇಲೆ ಹೋಗಿ ಕೂತಳು.

"ಕಾಳವ್ವ, ನಾಳೆ ರೇಟು ಏರುತ್ತೆ ಅಂದೆಯಲ್ಲ. ಅದಕ್ಕೆ ಮುಂಚೆ ಗುಂಡಿಯಲ್ಲಿರೋ ಹದವಾದ ಕೆಸರನ್ನೆಲ್ಲಾ ನನಗೇ ಕೊಟ್ಟುಬಿಡು. ನಾವಿಬ್ಬರೂ ಎರಡು ದಿನ ನಿನ್ನ ಮೈಮೇಲೆ ಒಂದು ನೊಣ ಕೂರದ ಹಾಗೆ ನೋಡಿಕೊಳ್ತೀವಿ."

ಎರಡು ದಿನ ನೊಣವೇ ಇಲ್ಲ ಅಂದರೆ ಯಾವ ಎಮ್ಮೆ ಬೇಡ ಅಂದೀತು? ಆದರೂ ಕಾಳವ್ವ ಮುದುಕಿ, ನಾಲ್ಕು ಮಳೆಗಾಲ ಹೆಚ್ಚಿಗೆ ಕಂಡವಳು.

"ಅಷ್ಟೂ ಒಟ್ಟಿಗೆ ಒಯ್ದು ಏನು ಮಾಡ್ತೀಯೆ? ಕೆಸರು ಅಕ್ಕಿ ಅಲ್ಲ, ಕೂಡಿಡೋಕೆ. ನಿನ್ನ ಪಾಲು ಇಲ್ಲೇ ಇರಲಿ, ನಾನು ತುಳಿದು ಹದವಾಗಿ ಇಟ್ಟಿರ್ತೀನಿ. ದಿನಾ ಬೇಕಾದಷ್ಟು ಒಯ್ಯಿ."

'ಇಲ್ಲೇ ಬಿಟ್ಟರೆ ಸಂಪಿ ಬಂದು ಒಯ್ಯಲ್ಲ ಅಂತ ಏನು ಗ್ಯಾರಂಟಿ?' ಅಂದುಕೊಂಡಳು ಮಿಂಚಿ. ಬಾಯಲ್ಲಿ ಮಾತ್ರ, "ನಮ್ಮ ಸಾಮಾನು ನಮ್ಮ ಕಣ್ಣ ಮುಂದೆ ಇದ್ದರೆ ಚೆಂದ ಕಾಳವ್ವ," ಅಂದಳು.

"ನಿನ್ನಿಷ್ಟ," ಅಂತ ಕಾಳವ್ವ ಎದ್ದು ಕೊಳದ ನಡುವಿನ ನೀರಿಗೆ ಹೋಗಿ ಮಲಗಿದಳು.

ಎರಡು ದಿನ ಮಿಂಚಿ ಮತ್ತು ಬಾಣ ನೊಣ ಹಿಡಿದರು. ರೆಕ್ಕೆ ಸೋತವು, ಗಂಟಲು ಒಣಗಿತು. ನಡುನಡುವೆ ಗುಂಡಿಯಿಂದ ಉಂಡೆ ಉಂಡೆಯಾಗಿ ಕೆಸರು ಹೊತ್ತು ತಮ್ಮ ಮನೆಯ ಕೆಳಗೆ ಬಂಡೆಯಿಂದ ಚಾಚಿದ್ದ ಅಂಚಿನಲ್ಲಿ ರಾಶಿ ಹಾಕಿದರು. ಎರಡನೆಯ ದಿನ ಸಂಜೆಗೆ ಗುಂಡಿ ಬರಿದಾಯಿತು. ಸಂಪಿ ಬಂದು ನೋಡುತ್ತಾಳೆ, ಮೆತ್ತಲು ಒಂದು ಕೊಕ್ಕು ಕೆಸರಿಲ್ಲ.

"ಅಕ್ಕ, ಎರಡು ವರಸೆಗೆ ಆಗುವಷ್ಟು ಕೊಡ್ತೀಯಾ? ನೊಣ ಬೇಕಾದರೆ ಹಿಡಿದುಕೊಡ್ತೀನಿ," ಅಂದಳು.

"ಅಯ್ಯೋ, ನಮಗೇ ಸಾಲಲ್ಲ ತಂಗಿ," ಅಂದಳು ಮಿಂಚಿ. ಅವಳಿಗೆ ಅವತ್ತು ಊಟವೇ ಬೇಕಾಗಲಿಲ್ಲ, ಅಷ್ಟು ಸಂತೋಷ.

ಸಂಪಿಗೆ ಅಳು ಬಂತು. ಬಂದ ಅಳುವನ್ನು ನುಂಗಿಕೊಂಡು ಸುತ್ತ ನೋಡಿದಳು. ಬಂಡೆಯ ಆಚೆ ತುದಿಯಲ್ಲಿ ಹೋದ ವರ್ಷದ ಒಡೆದ ಗೂಡುಗಳ ಚೂರು ಅಂಟಿಕೊಂಡಿತ್ತು. ಮಾರನೆಯ ಬೆಳಗ್ಗೆ ಅದನ್ನು ಕುಕ್ಕಿ ಕುಕ್ಕಿ ಕಿತ್ತಳು, ಕೊಳದ ನೀರಲ್ಲಿ ನೆನೆಸಿದಳು, ಒಣಹುಲ್ಲಿನ ಎಳೆ ಸೇರಿಸಿ ಒಂದು ವರಸೆ ಮೆತ್ತಿದಳು. ಗೋಡೆ ಎರಡು ಬಣ್ಣ ಆಯಿತು. ಆದರೇನು, ನಿಂತಿತು.

ಮಿಂಚಿ ಇದನ್ನು ಕಳ್ಳಗಣ್ಣಲ್ಲಿ ನೋಡಿದಳು. ಸಂಪಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಾಳೆ ಅಂತ ಅವಳು ಕಾದಿದ್ದಳು. ಹಳೇ ಮಣ್ಣು ಮೆತ್ತುತ್ತಾ ಗುನುಗುತ್ತಿದ್ದಾಳಲ್ಲ, ಇವಳಿಗೆ ಏನು ಬಂದಿದೆ? ಮೈಯೆಲ್ಲಾ ಉರಿಯಿತು.

ಅಷ್ಟು ಹೊತ್ತಿಗೆ ಬಾಣ ಕೂಗಿದ, "ಮಿಂಚಿ, ಇಲ್ಲಿ ಬಾ. ಮಣ್ಣು ಗಟ್ಟಿ ಆಗ್ತಾ ಇದೆ."

ಆಗದೆ ಇನ್ನೇನು? ಸುಡುಬಿಸಿಲು, ಬಂಡೆ ಕಾದ ಹೆಂಚಾಗಿತ್ತು. ರಾಶಿಯ ಮೇಲ್ಭಾಗ ಆಗಲೇ ಕಲ್ಲು. ಒಳಗಿನದು ಮಾತ್ರ ಇನ್ನೂ ಹಸಿ, ಸಂಜೆಯ ಹೊತ್ತಿಗೆ ಅದೂ ಕಲ್ಲಾಗುತ್ತದೆ. ನಾನು ಮನೆ ಕಟ್ಟಿಸುವಾಗ ರೇಟು ಏರುತ್ತದೆ ಅಂತ ಹೆದರಿ ಅರವತ್ತು ಮೂಟೆ ಸಿಮೆಂಟು ತಂದು ಪೇರಿಸಿಟ್ಟಿದ್ದೆ, ಮಕ್ಕಳೇ. ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಮೂಟೆ ಬಟ್ಟೆ ಒಗೆಯುವ ಕಲ್ಲಾಗಿತ್ತು. ಆದ್ದರಿಂದ ಮಿಂಚಿಯ ಸಂಕಟ ನನಗೆ ಚೆನ್ನಾಗಿ ಗೊತ್ತು.

"ಎಲ್ಲವನ್ನೂ ಇವತ್ತೇ ಮೆತ್ತಿಬಿಡೋಣ," ಅಂದಳು ಮಿಂಚಿ.

"ಹಸಿ ಮೇಲೆ ಹಸಿಯಾ? ದಿನಕ್ಕೆ ಒಂದೇ ವರಸೆ ಅಲ್ವೇನೆ?"

"ಎರಡು ದಿನ ನೊಣ ಹಿಡಿದಿದ್ದು ಕಲ್ಲು ಮಾಡೋಕಾ? ಮೆತ್ತು ಅಂದರೆ ಮೆತ್ತು."

ಮೆತ್ತಿದರು. ಕೋಣೆಯ ಮೂರು ವರಸೆ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಅದರ ಬೆನ್ನಿಗೇ ಮೊಗಸಾಲೆ ಶುರುವಾಯಿತು. ನಾಲ್ಕು ಬೆರಳು ಆಯಿತು, ಆರು ಬೆರಳು ಆಯಿತು, ಹೊತ್ತು ಇಳಿಯುವಷ್ಟರಲ್ಲಿ ಗೇಣುದ್ದ ಆಯಿತು. ಕೊನೆಗೆ ಮಿಂಚಿ ಎಲ್ಲಿಂದಲೋ ಒಂದು ಚೂರು ಕಾಗೆಬಂಗಾರ ಹೆಕ್ಕಿ ತಂದಳು. ಕಲ್ಲಿನಲ್ಲಿ ಪಳಪಳ ಹೊಳೆಯುವ ಪದರ ಇರುತ್ತದಲ್ಲ, ಅದೇ. ಅದನ್ನು ಮೊಗಸಾಲೆಯ ಬಾಯಿಗೆ ಒತ್ತಿ ಕೂರಿಸಿದಳು. ಇಳಿಬಿಸಿಲಿಗೆ ಅದು ಮಿನುಗಿತು.

"ಸಂಪಿ, ಒಂದು ಸಲ ಬಂದು ನೋಡೇ ನಮ್ಮ ಮನೇನ," ಅಂತ ಕರೆದಳು.

ಸಂಪಿ ಬಂದು ನೋಡಿದಳು. "ಚೆನ್ನಾಗಿದೆ ಅಕ್ಕ. ಆದರೆ ತುದಿ ಸ್ವಲ್ಪ ಜಗ್ಗಿದ ಹಾಗಿದೆ..."

"ನಿನ್ನ ಕಣ್ಣು ತಾಗಿದರೆ ಜಗ್ಗದೆ ಏನು ಮಾಡುತ್ತೆ?"

ಮಿಂಚಿ ಆ ಮಾತು ಆಡಿ ಮುಗಿಸಿರಲಿಲ್ಲ, ಮೊಗಸಾಲೆಯ ತುದಿ ಬಾಗಿತು. ಬಾಗಿದ ಮೊಗಸಾಲೆ ಕೋಣೆಯನ್ನು ಎಳೆಯಿತು. ಹೊಸ ಮೂರು ವರಸೆಯೂ ಹಸಿ, ಹಳೆಯ ಗೋಡೆಯೂ ಆ ನೀರು ಕುಡಿದು ಮೆತ್ತಗಾಗಿತ್ತು. ಇಡೀ ಮನೆ ಬಂಡೆಯನ್ನು ಬಿಟ್ಟು ಕಳಚಿತು. ಬೀಳುವಾಗ ಅಂಚಿನಲ್ಲಿದ್ದ ಉಳಿದ ರಾಶಿಯನ್ನೂ ಕೆಡವಿಕೊಂಡು, ಬರಿದಾಗಿದ್ದ ಕೆಸರುಗುಂಡಿಗೆ ಧೊಪ್ಪನೆ ಬಿತ್ತು.

ನೀರಿನಲ್ಲಿದ್ದ ಕಾಳವ್ವ ಎದ್ದು ಬಂದಳು. ಗುಂಡಿಯನ್ನು ನೋಡಿದಳು, ಮೇಲೆ ಬಂಡೆಯನ್ನು ನೋಡಿದಳು. ಮೈಯಿಂದ ನೀರು ಸೋರಿಸುತ್ತಾ ಗುಂಡಿಗಿಳಿದು, ಎಂದಿನಂತೆ ತುಳಿಯತೊಡಗಿದಳು. ಬೆಳಗಾಗುವಷ್ಟರಲ್ಲಿ ಗುಂಡಿಯ ತುಂಬ ಹದವಾದ ಕೆಸರು.

"ಬನ್ರಮ್ಮ," ಅಂತ ಕೂಗಿದಳು. "ಮಣ್ಣು ಬೇಕಾದಷ್ಟಿದೆ. ಕೊಕ್ಕಿಗೆ ಐದೇ ನೊಣ."

ಸಂಪಿ ಹೋಗಿ ಒಂದು ವರಸೆಗೆ ಆಗುವಷ್ಟು ತಂದು, ಮೆತ್ತಿ, ಮನೆ ಮುಗಿಸಿದಳು. ಮಿಂಚಿಗೂ ಬಾಣ ಹೇಳಿದ, "ಏಳು, ನಾವೂ ಶುರು ಮಾಡೋಣ." ಮಿಂಚಿ ಅಲ್ಲಾಡಲಿಲ್ಲ. ಮನೆ ಏಳಲು ಹತ್ತು ಹನ್ನೆರಡು ದಿನ ಬೇಕು. ಮೊಟ್ಟೆಗೆ ಉಳಿದಿರುವುದು ಎರಡು ದಿನ. ಬಂಡೆಯ ಮೇಲೆ ತನ್ನ ಮನೆ ಅಂಟಿದ್ದ ಜಾಗದಲ್ಲಿ ಒದ್ದೆ ಗುರುತೊಂದು ಉಳಿದಿತ್ತು, ಅದನ್ನೇ ನೋಡುತ್ತಾ ಕೂತಳು. ಸಂಪಿಯ ಮನೆಯ ಕಡೆ ಮಾತ್ರ ನೋಡಲಿಲ್ಲ. ಬಿದ್ದದ್ದು ಅಷ್ಟು ನೋಯಲಿಲ್ಲ ಅವಳಿಗೆ. ಪಕ್ಕದಲ್ಲಿ ಒಂದು ನಿಂತಿದೆಯಲ್ಲ, ಅದು ನೋಯುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಮೋಡ ಕವಿಯಿತು. ಮಿಂಚಿಗೆ ಬೆಳಗಿನಿಂದಲೇ ಹೊಟ್ಟೆ ಭಾರ. ಗಾಳಿ ಬೀಸಿ, ಮೊದಲ ದಪ್ಪ ಹನಿಗಳು ಓರೆಯಾಗಿ ಬಂದು ಬಂಡೆಯ ಅಡಿಗೂ ಬಡಿದವು.

ಸಂಪಿ ಬಾಗಿಲಿನಿಂದ ತಲೆ ಹೊರಗೆ ಹಾಕಿದಳು. "ಅಕ್ಕ, ಒಳಗೆ ಬಾ."

"ಬೇಡ. ನಿನ್ನ ಮನೆಗೆ ನಾನು ಬರಲ್ಲ."

"ನೀನು ಬರದಿದ್ದರೆ ಬೇಡ. ಮೊಟ್ಟೆಗೆ ಜಾಗ ಬೇಕಲ್ಲ?"

ಬಾಣ ಹೆಂಡತಿಯ ಮುಖ ನೋಡಿದ. ಮಿಂಚಿ ರೆಕ್ಕೆ ಒದರಿಕೊಂಡು ಎದ್ದಳು. ಓರಗಿತ್ತಿಯ ಮನೆಯ ಹೊಸ್ತಿಲು ದಾಟುವಾಗ ಅವಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು.

ಒಳಗೆ ಬೆಚ್ಚಗಿತ್ತು. ಇಬ್ಬರಿಗೆ ಇಕ್ಕಟ್ಟು, ಆದರೂ ಸಂಪಿ ಗೋಡೆಗೆ ಒರಗಿ ಜಾಗ ಬಿಟ್ಟುಕೊಟ್ಟಳು. ಹೊರಗೆ ಮಳೆ ಹೊಡೆಯುತ್ತಿತ್ತು. ಆಗ ಫಳ್ಳನೆ ಮಿಂಚು ಹೊಡೆಯಿತು. ಆ ಬೆಳಕಿಗೆ ಬಾಗಿಲ ಬಳಿಯ ಕೊನೆಯ ವರಸೆಯಲ್ಲಿ ಏನೋ ಪಳಕ್ ಅಂತು.

ಮಿಂಚಿ ಕಣ್ಣು ಕಿರಿದು ಮಾಡಿ ನೋಡಿದಳು. ಕಾಗೆಬಂಗಾರದ ಚೂರು.

"ಚೆನ್ನಾಗಿದೆ ಅಲ್ವಾ ಅಕ್ಕ?" ಅಂದಳು ಸಂಪಿ. "ಕೆಸರು ತರುವಾಗ ಕೊಕ್ಕಿಗೆ ಸಿಕ್ತು. ಹಾಗೇ ಮೆತ್ತಿಬಿಟ್ಟೆ. ಈ ವರಸೆಯ ಮಣ್ಣಂತೂ ಬಲು ಗಟ್ಟಿ."

ಆ ಮಣ್ಣಿಗೆ ಎರಡು ದಿನ ನೊಣ ಹಿಡಿದವಳು ಮಿಂಚಿ. ಸಂಪಿಗೆ ಒಂದು ಕೊಕ್ಕೂ ಸಿಗಬಾರದು ಅಂತ ಹೊತ್ತು ರಾಶಿ ಹಾಕಿದವಳೂ ಅವಳೇ.

"ಹೌದು, ಗಟ್ಟಿ ಇದೆ," ಅಂದಳು. ಆಮೇಲೆ ಗೋಡೆಯ ಕಡೆ ಬೆನ್ನು ಮಾಡಿ ಕೂತು ಮೊಟ್ಟೆ ಇಟ್ಟಳು.

ನೀತಿ: ಮನೆಯನ್ನು ನಮ್ಮ ಕೈಯಳತೆ ನೋಡಿ ಕಟ್ಟಬೇಕು. ಪಕ್ಕದ ಮನೆ ನೋಡಿ ಹೊಟ್ಟೆ ಉರಿದು ಕಟ್ಟುವವರಿಗೆ ಮಣ್ಣು ಯಾವ ಕಾಲಕ್ಕೂ ದುಬಾರಿಯೇ.