ಸುಳಿಯವ್ವ ಕೇಳಿದ ಮಾತು

ಬಾರೇ ಚಿನ್ನಿ, ಕಾಲು ಒಳಗೆ ಎಳ್ಕೋ, ಕಂಬಳಿ ಹೊದ್ಕೋ. ಹೂಂಗುಟ್ತಾ ಇರ್ಬೇಕು ಮತ್ತೆ, ಇಲ್ದಿದ್ರೆ ಅರ್ಧಕ್ಕೇ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ನಾನಿರ್ಲಿ, ನನ್ನಜ್ಜಿಯ ಅಜ್ಜೀನೂ ಇನ್ನೂ ತೊಟ್ಟಿಲಿಗೆ ಬಂದಿರದ ಕಾಲದಲ್ಲಿ, ದೊಡ್ಡದೊಂದು ಹೊಳೆ ಪಕ್ಕ ಅಂಬಿಗರ ಹಟ್ಟಿ ಇತ್ತಂತೆ. ಅಲ್ಲಿ ಮುದ್ದಯ್ಯ, ಕೆಂಚಯ್ಯ, ಸಣ್ಣೀರ ಅಂತ ಮೂರು ಜನ ಅಣ್ಣತಮ್ಮಂದಿರು, ಅವರಿಗೊಬ್ಳೇ ತಂಗಿ ಚೆಲುವಿ. ಚೊಚ್ಚಲ ಬಸುರಿ, ಹೆರಿಗೆಗೆ ಅಂತ ತವರಿಗೆ ಬಂದಿದ್ಳಂತೆ. ಒಂದಿನ ಬೆಳಗ್ಗೇನೇ ನೋವು ಶುರುವಾಯ್ತು. ಸೂಲಗಿತ್ತಿ ದ್ಯಾವಕ್ಕ ಇದ್ದಿದ್ದು ಆಚೆ ದಡದಲ್ಲಿ. ಬೇಗ ಕರ್ಕೊಂಡು ಬರದೇ ಹೋದ್ರೆ ತಾಯೀನೂ ಇಲ್ಲ ಮಗೂನೂ ಇಲ್ಲ ಅಂತ ಅವರಮ್ಮ ಎದೆ ಬಡ್ಕೊಂಡ್ಳಂತೆ.

ಹೋಗೋದೇನು ಮಹಾ? ಮೂರೂ ಜನ ಒಟ್ಟಿಗೇ ಹೋಗ್ಬಹುದಿತ್ತು. ಆದ್ರೆ ಆ ಹಟ್ಟೀಲಿ ಒಂದು ಪದ್ಧತಿ. ಸೂಲಗಿತ್ತೀನ ಹೊಳೆ ದಾಟಿಸಿ ಯಾರು ತರ್ತಾರೋ ಅವರೇ ಕೂಸಿನ ಕಿವೀಲಿ ಹೆಸರು ಹೇಳ್ಬೇಕು. ಆ ಮರ್ಯಾದೆ ಹಂಚ್ಕೊಳೋಕೆ ಒಬ್ನಿಗೂ ಇಷ್ಟ ಇಲ್ಲ! ನಾನೊಬ್ನೇ ಹೋಗ್ತೀನಿ, ಇಲ್ಲ ನಾನೊಬ್ನೇ ಹೋಗ್ತೀನಿ ಅಂತ ಶುರು ಹಚ್ಕೊಂಡ್ರಂತೆ.

ಸರಿ, ಹಿರಿಯೋನು ಮುದ್ದಯ್ಯ ಹರಿಗೋಲು ಇಳಿಸ್ದ. ಹರಿಗೋಲು ಗೊತ್ತಲ್ಲ, ಬಿದಿರಿನ ದೊಡ್ಡ ಬುಟ್ಟಿ, ಹೊರಗಡೆ ತೊಗಲು ಹೊದಿಸಿರ್ತಾರೆ. ಹೊಳೆ ನಡುವೆ ಒಂದು ಸುಳಿ ಇತ್ತು, ಅದಕ್ಕೆ ಸುಳಿಯವ್ವ ಅಂತಾನೇ ಹೆಸರು. ಬೇರೆ ದಿನ ಸುಮ್ನಿರ್ತಿದ್ದ ಸುಳಿ ಅವತ್ತು ಬಾಯ್ಬಿಡ್ತಂತೆ.

ಸುಳಿಗೆ ಬಾಯಿ ಎಲ್ಲಿರತ್ತೆ ಅಜ್ಜಿ ಅಂತೀಯಾ? ಮಧ್ಯದಲ್ಲಿ ಗುಂಡಿ ಇರತ್ತಲ್ಲ, ಅದೇ. ಕೇಳು ಸುಮ್ನೆ.

ಯಾರಪ್ಪಾ ಬರ್ತಿರೋದು, ಎಷ್ಟು ದೊಡ್ಡೋರು ಅಂತ ಕೇಳಿದ್ಳಂತೆ. ಮುದ್ದಯ್ಯ ಎದೆ ಸೆಟೆಸ್ಕೊಂಡು, ನಾನು ಮುದ್ದಯ್ಯ, ನಾನು ಹುಟ್ಟು ಹಾಕಿದ್ರೆ ಹೊಳೇನೇ ಹಿಂದಕ್ಕೆ ಸರಿಯತ್ತೆ ಅಂದ. ಒಂದೊಂದು ನಾನು ಅಂದಾಗ್ಲೂ ಹರಿಗೋಲು ಗಿರ್ರನೆ ಒಂದು ಸುತ್ತು! ಸುತ್ತಿ ಸುತ್ತಿ ಹೊರಟ ದಡಕ್ಕೇ ತಂದು ಎಸೀತಂತೆ.

ಆಮೇಲೆ ಕೆಂಚಯ್ಯ ಹೋದ, ಅವನು ಬುದ್ಧಿವಂತ. ಹೊಳೇಲಿ ಎಲ್ಲಿ ಕಲ್ಲು, ಎಲ್ಲಿ ಮಡು ಎಲ್ಲಾ ನಾನು ಬಲ್ಲೆ, ನಾನು ಹುಟ್ಟೋ ಮೊದ್ಲು ಇಲ್ಲಿ ದಾರೀನೇ ಇರ್ಲಿಲ್ಲ ಅಂದ. ಅವನಿಗೂ ಅದೇ ಗತಿ, ತಲೆ ತಿರುಗಿ ಮರಳಲ್ಲಿ ಅಂಗಾತ ಬಿದ್ದ.

ಆಮೇಲೆ ಸಣ್ಣೀರ. ಅವನು ಬಲೇ ಕಿಲಾಡಿ, ಅಣ್ಣಂದಿರ ಪಾಡು ನೋಡಿದ್ನಲ್ಲ. ಸುಳಿಯವ್ವ ಕೇಳಿದ್ದೇ ತಡ ಕೈ ಮುಗಿದು, ತಾಯೀ, ನಾನು ಧೂಳು, ನಾನು ಹುಲ್ಲುಕಡ್ಡಿ, ನನ್ನಷ್ಟು ತಗ್ಗಿಬಗ್ಗಿ ನಡೆಯೋನು ಸುತ್ತೇಳು ಹಳ್ಳೀಲಿ ಇಲ್ಲ ಅಂದ. ಅಯ್ಯೋ, ಅವನ ಹರಿಗೋಲು ಬುಗುರಿ ಥರ ತಿರುಗ್ತಂತೆ ಕಣೇ! ಬೆಳಗ್ಗೆ ಕುಡಿದ ಗಂಜಿಯೆಲ್ಲಾ ಹೊಳೆ ಪಾಲು. ತೊಗಲು ಬಂಡೆಗೆ ತಗುಲಿ ಹರೀತು, ಅವನೂ ಹೊರಟ ದಡಕ್ಕೇ ಬಂದು ಬಿದ್ದ.

ಯಾಕಜ್ಜಿ, ಅವನು ಚೆನ್ನಾಗೇ ಹೇಳಿದ್ನಲ್ಲ ಅಂತೀಯಾ? ಚೆನ್ನಾಗೇ ಹೇಳ್ದ. ಹೇಳಿ, ನೆರೆದಿದ್ದ ಹಟ್ಟಿ ಜನ ಕೇಳಿಸ್ಕೊಂಡ್ರಾ ಅಂತ ದಡದ ಕಡೆ ತಿರುಗಿ ನೋಡ್ದ ನೋಡು, ಅದಕ್ಕೆ.

ಅಷ್ಟರಲ್ಲಿ ಗುಡಿಸಲಿಂದ ಕೇಳ್ತಿದ್ದ ಚೆಲುವಿ ಕೂಗು ಸಣ್ಣಗಾಗ್ತಾ ಸಣ್ಣಗಾಗ್ತಾ ನಿಂತೇ ಹೋಯ್ತಂತೆ. ಮೂರೂ ಜನಕ್ಕೆ ಜೀವ ಬಾಯಿಗೆ ಬಂತು. ಯಾರು ಮೊದಲು, ಯಾರು ಹಿಂದೆ, ಒಂದೂ ನೆನಪಿಲ್ಲ, ಹರಿದ ಹರಿಗೋಲಿಗೇ ಹಾರಿಕೊಂಡ್ರು. ಮುದ್ದಯ್ಯ ಹುಟ್ಟು ಹಾಕ್ದ, ಕೆಂಚಯ್ಯ ಎಡಕ್ಕೆ ಬಾ ಬಲಕ್ಕೆ ಬಾ ಅಂತ ದಾರಿ ಹೇಳ್ದ, ಸಣ್ಣೀರ ಹರಿದ ಕಡೆ ಪಂಚೆ ತುರುಕಿ ಅದರ ಮೇಲೇ ಕೂತ. ಸುಳಿಯವ್ವ ಮತ್ತೆ ಕೇಳಿದ್ಳು, ಎಷ್ಟು ದೊಡ್ಡೋರಪ್ಪಾ ಅಂತ. ದೊಡ್ಡೋರು ಚಿಕ್ಕೋರು ಆಮೇಲೆ ನೋಡ್ಕೊಳಾಣ ಅವ್ವಾ, ಚೆಲುವಿ ಸಾಯ್ತಿದಾಳೆ, ದಾರಿ ಬಿಡು, ನಿನ್ನ ದಮ್ಮಯ್ಯ ಅಂತ ಮೂರೂ ಜನ ಅತ್ತುಬಿಟ್ರಂತೆ.

ಸುಳಿ ತಣ್ಣಗಾಯ್ತು. ಹರಿಗೋಲು ನೆಟ್ಟಗೆ ಆಚೆ ದಡಕ್ಕೆ ಹೋಯ್ತು, ದ್ಯಾವಕ್ಕನ್ನ ಕೂರಿಸ್ಕೊಂಡು ವಾಪಸ್ ಬರುವಾಗ ಸುಳಿಯವ್ವ ಏನೂ ಕೇಳ್ಲೇ ಇಲ್ವಂತೆ.

ದ್ಯಾವಕ್ಕ ಒಳಗೆ ಹೋದ್ಳು, ಬಿಸಿನೀರು ತನ್ನಿ ಅಂದ್ಳು, ಚೆಲುವಿ ಬೆನ್ನು ನೀವಿದ್ಳು. ಸ್ವಲ್ಪ ಹೊತ್ತಾದ್ಮೇಲೆ ಕುಂಯ್ ಅಂತ ಒಂದು ಸದ್ದು. ಹೆಣ್ಣು ಕೂಸು, ತಾಯೀನೂ ಉಳಿದ್ಳು.

ದ್ಯಾವಕ್ಕ ಕೂಸನ್ನ ಎತ್ಕೊಂಡು ಬಂದು, ಯಾರ್ರೋ ನನ್ನ ದಾಟಿಸಿದ್ದು, ಹೆಸರು ಹೇಳ್ರಿ ಅಂದ್ಳು. ಮುದ್ದಯ್ಯ ಕೆಂಚಯ್ಯನ ಮುಖ ನೋಡ್ದ, ಕೆಂಚಯ್ಯ ಸಣ್ಣೀರನ ಮುಖ ನೋಡ್ದ. ಸಣ್ಣೀರ ಈ ಸಲ ಜನರ ಕಡೆ ನೋಡ್ಲಿಲ್ಲ. ಮೆತ್ತಗೆ, ದ್ಯಾವಕ್ಕ, ಉಳಿಸ್ದೋಳು ನೀನು, ನೀನೇ ಹೇಳು ಅಂದ. ಇಬ್ರೂ ಅಣ್ಣಂದಿರು ಹೂಂ ಹೂಂ ಅಂದ್ರು.

ದ್ಯಾವಕ್ಕ ಕೂಸನ್ನ ಎದೆಗೆ ಒತ್ಕೊಂಡ್ಳಂತೆ. ಆ ಹೊಳೆಯ ಎರಡೂ ದಡದ ಮಕ್ಕಳೆಲ್ಲಾ ಅವಳ ಕೈಯಲ್ಲೇ ಹುಟ್ಟಿದ್ದು, ಆದ್ರೆ ಒಂದು ಹೆಸರಿಡು ಅಂತ ಒಬ್ರೂ ಕೇಳಿರ್ಲಿಲ್ಲ. ಅವಳಿಗೆ ಸ್ವಂತ ಮಕ್ಕಳಿಲ್ಲ. ಮಗಳು ಹುಟ್ಟಿದ್ರೆ ಇಡ್ಬೇಕು ಅಂತ ಎಳೇ ವಯಸ್ಸಲ್ಲೇ ಒಂದು ಹೆಸರು ಎತ್ತಿಟ್ಕೊಂಡಿದ್ಳಂತೆ ಪಾಪ, ಅದನ್ನೇ ಕೂಸಿನ ಕಿವೀಲಿ ಹೇಳಿದ್ಳು. ಸಂಪಿಗೆ.

ಅವರೆಲ್ಲಾ ಅಲ್ಲಿ ಸುಖವಾಗಿದ್ರು, ನಾವಿಲ್ಲಿ ಸುಖವಾಗಿದೀವಿ. ಕತೆ ಮುಗೀತು, ದಡ ಸೇರ್ತು. ನೀನು ದಿಂಬು ಸೇರು.