ಕರಡಿ ಜಂಬಕ್ಕನ ನಾಲ್ಕನೇ ಬೆಲ್ಟು

ಒಂದು ಕಾಡು. ಆ ಕಾಡಿಗೆ ಒಬ್ಬ ಆನೆರಾಜ. ಆನೆರಾಜನಿಗೆ ಒಬ್ಬಳೇ ಮಗಳು. ಕೇಳಿ ಮಕ್ಕಳೇ, ಆ ಕಾಡಿಗೆ ಕರೆಂಟೂ ಬಂದಿತ್ತು! ನಗಬೇಡಿ, ಕತೆಯ ಕಾಡಿನಲ್ಲಿ ಕಂಬ ನೆಡೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮಗಳ ಮದುವೆ ಗೊತ್ತಾಯಿತು. ರಾಜ ಮರಗೆಲಸದ ಕರಡಿ ಜಂಬಕ್ಕನನ್ನು ಕರೆಸಿದ.

"ಜಂಬಕ್ಕ, ಹಸೆಮಣೆ ನುಣ್ಣಗೆ ಹೊಳೀಬೇಕು. ಮಗಳಿಗೆ ಒಂದು ಸಿಬಿರು ಚುಚ್ಚಿದರೂ ನೀನು ಅರಮನೆಯ ಕೊಟ್ಟಿಗೆ ಬಿಟ್ಟು ಹೊರಡಬೇಕು!"

ಜಂಬಕ್ಕ ಒಪ್ಪದೆ ಏನು ಮಾಡ್ತಾಳೆ? ಆ ಕೊಟ್ಟಿಗೆಯಲ್ಲೇ ಅವಳ ಕೆಲಸ, ಅದೇ ಅವಳ ಮನೆ. ಹಲಗೆಯೋ ಆನೆ ಕೂರುವಂಥದ್ದು, ಅಂಗಳದಷ್ಟು ಅಗಲ! ಕೈಯಲ್ಲಿ ಉಜ್ಜುತ್ತ ಕೂತರೆ ಮದುಮಗಳು ಮುದುಕಿಯಾದಾಳು. ಅದಕ್ಕೇ ಕರೆಂಟಿನ ಒಂದು ಕೈಯಂತ್ರ ತಂದಳು. ಎರಡು ಉರುಳೆ, ಅವುಗಳ ಮೇಲೆ ಮರ ಉಜ್ಜುವ ಒರಟು ಉಪ್ಪುಕಾಗದದ ಬೆಲ್ಟು. ಗುಂಡಿ ಒತ್ತಿದರೆ ಬೆಲ್ಟು ಗರಗರ ಸುತ್ತುತ್ತೆ, ಮರ ನುಣ್ಣಗಾಗುತ್ತೆ.

ಬೆಲ್ಟು ಮಾರುವವನು ನರಿ ಬೂಚಣ್ಣ. ಒಂದು ಬೆಲ್ಟಿಗೆ ಒಂದು ಗಡಿಗೆ ಜೇನುತುಪ್ಪ.

"ಬೂಚಣ್ಣ, ಬೆಲ್ಟಿನ ಒಳಗಡೆ ಬಾಣ ಬರೆದಿದೆಯಲ್ಲ, ಏನದು?"

"ಅದು ಚಂದಕ್ಕೆ ಕಣಕ್ಕ! ಯಂತ್ರದ ಮೇಲೂ ಒಂದು ಬಾಣ ಇದೆ ನೋಡು, ಅದಕ್ಕೆ ಎದುರಾಗಿ ಹಾಕು. ಚೆನ್ನಾಗಿ ಕಚ್ಚುತ್ತೆ."

ಹಾಕಿದಳು. ಗರಗರ... ಪಟ್! ಬೆಲ್ಟು ಹರಿಯಿತು. ಇನ್ನೊಂದು ಗಡಿಗೆ ಕೊಟ್ಟು ಇನ್ನೊಂದು ತಂದಳು.

"ಬೂಚಣ್ಣ, ಇದು ಒಂದೇ ಪಕ್ಕಕ್ಕೆ ಸರೀತಿದೆ!"

"ಸರೀಲಿ ಬಿಡಕ್ಕ! ಮೇಯಕ್ಕೆ ಹೋದ ಕರು ಮನೆಗೆ ಬರಲ್ವಾ? ತಾನೇ ಬರುತ್ತೆ."

ಬಿಟ್ಟಳು. ಗರಗರ... ಪಟ್! ಮತ್ತೊಂದು ಗಡಿಗೆ ಹೋಯಿತು.

"ಬೂಚಣ್ಣ, ಮುಹೂರ್ತ ಬಂದೇಬಿಡ್ತು, ಬೇಗ ಆಗಬೇಕು!"

"ಹಾಗಾದ್ರೆ ಒತ್ತಕ್ಕ, ಒತ್ತು! ಅಷ್ಟು ದೊಡ್ಡ ಮೈ ಇಟ್ಕೊಂಡಿರೋದು ಯಾಕೆ?"

ಮೈಭಾರವೆಲ್ಲ ಹಾಕಿ ಒತ್ತಿದಳು. ಗರಗರ, ಗುರ್ರ್... ಪಟ್!

ಜಂಬಕ್ಕ ಕುಸಿದು ಕೂತಳು. ಹರಿದ ಮೂರು ಬೆಲ್ಟುಗಳನ್ನೂ ಮಡಿಲಿಗೆ ಹಾಕಿಕೊಂಡಳು. ಮೊದಲನೆಯದು ಎರಡು ತುದಿ ಒಂದರ ಮೇಲೊಂದು ಅಂಟಿಸಿದ ಕಡೆಯೇ ಬಿಟ್ಟುಕೊಂಡಿತ್ತು. ಇನ್ನೂ ಅಂಟಿಕೊಂಡಿದ್ದ ಅಂಚನ್ನು ಸವರಿದಳು. ಒಂದು ಕಡೆಯಿಂದ ಬೆರಳು ಜಾರಿತು, ಇನ್ನೊಂದು ಕಡೆಯಿಂದ ಉಗುರಿಗೆ ಸಿಕ್ಕಿ ಎದ್ದಿತು. "ಅರೆ, ನನ್ನ ಮೈರೋಮದ ಹಾಗೇ! ಯಾವ ಕಡೆ ಓಡಬೇಕು ಅಂತ ಹೇಳೋಕೇ ಈ ಬಾಣ!" ಎರಡನೆಯದರ ಅಂಚು ಇಲಿ ಕಡಿದಂತಿತ್ತು, ಸರಿದು ಸರಿದು ಯಂತ್ರದ ಗೋಡೆಗೆ ಉಜ್ಜಿತ್ತು. ಮೂರನೆಯದು ಮೂಸಿದರೆ ಸುಟ್ಟ ವಾಸನೆ.

"ಬೂಚಣ್ಣನ ಮೂರು ಮಾತು, ಮೂರು ಗಾಯ!" ಜಂಬಕ್ಕ ಎದ್ದಳು. ಕೊನೆಯ ಗಡಿಗೆ ಕೊಟ್ಟು ನಾಲ್ಕನೇ ಬೆಲ್ಟು ತಂದಳು. ನರಿಯನ್ನೂ ಜೊತೆಗೆ ಕರೆದುಕೊಂಡು ನೆಟ್ಟಗೆ ರಾಜನ ಮುಂದೆ ನಿಂತಳು.

"ಮಹಾಪ್ರಭು, ಬೂಚಣ್ಣ ನನ್ನ ಗುರುಗಳು. ಕೊನೆಯ ಬೆಲ್ಟು ಅವರ ಕೈಯಲ್ಲೇ ಓಡಲಿ."

"ಆಗಲಿ," ಎಂದ ರಾಜ. "ಆದರೆ ಯಾರ ಕೈಯಲ್ಲಿ ಹರಿಯುತ್ತೋ ಅವರು ಕಾಡು ಬಿಡಬೇಕು!"

ನರಿಯ ಬಾಲ ಕಾಲಸಂದಿಗೆ ಹೋಯಿತು. ಇಡೀ ಕಾಡೇ ನೋಡುತ್ತಿತ್ತು. ಬೂಚಣ್ಣ ಬಾಣ ಹುಡುಕಿದ, ಯಂತ್ರದ ಬಾಣಕ್ಕೆ ಸರಿಯಾಗಿ ಹೊಂದಿಸಿದ. ಯಂತ್ರ ಎತ್ತಿ ಹಿಡಿದೇ ಗುಂಡಿ ಒತ್ತಿದ, ಯಂತ್ರದ ಪಕ್ಕದ ತಿರುಪು ತಿರುಗಿಸಿ, ಸರಿಯುತ್ತಿದ್ದ ಬೆಲ್ಟನ್ನು ನಡುವಿಗೆ ತಂದ. ಆಮೇಲೆ ಮೆಲ್ಲಗೆ ಹಲಗೆಗೆ ಇಳಿಸಿದ, ಒತ್ತದೆ ಸುಮ್ಮನೆ ನಡೆಸಿದ. ಗರಗರ, ಗರಗರ, ಗರಗರ! ಹಲಗೆ ಬೆಣ್ಣೆಯಾಯಿತು!

"ಭಲೇ!" ಎಂದಿತು ಕಾಡು.

"ಗುರುಗಳೇ," ಎಂದಳು ಜಂಬಕ್ಕ, "ಬಾಣ ಚಂದಕ್ಕೆ ಅಂದಿರಿ, ಹೊಂದಿಸಿದಿರಿ. ಸರೀಲಿ ಬಿಡು ಅಂದಿರಿ, ನಡುವಿಗೆ ತಂದಿರಿ. ಒತ್ತು ಅಂದಿರಿ, ನೀವೇ ಒತ್ತಲಿಲ್ಲ."

"ಅದು... ಈಗಷ್ಟೇ ಹೊಳೀತಕ್ಕ!"

"ಮೂರೂ ಒಟ್ಟಿಗೆ ಹೊಳೀತಾ?"

ಆನೆರಾಜ ಸೊಂಡಿಲೆತ್ತಿ ನಕ್ಕ ನಗೆಗೆ ಮರದ ಎಲೆಗಳೆಲ್ಲ ಉದುರಿದವು. ನರಿಯ ಮನೆಯಿಂದ ಜೇನಿನ ಗಡಿಗೆಗಳು ಜಂಬಕ್ಕನ ಕೊಟ್ಟಿಗೆಗೆ ಬಂದವು. ಮದುಮಗಳು ಹಸೆಮಣೆಯ ಮೇಲೆ ಕೂತಳು. ಒಂದೇ ಒಂದು ಸಿಬಿರು? ಊಹೂಂ! ಜಂಬಕ್ಕ ಖುಷಿಯಿಂದ ಒಂದು ಗಡಿಗೆಯ ಬಾಯಿ ಬಿಚ್ಚಿಸಿದಳು. ಪಂಕ್ತಿಗೆಲ್ಲ ಜೇನು ಬಡಿಸಿದವನು ಬೂಚಣ್ಣ. ಬೆರಳು ನೆಕ್ಕುವ ಹಾಗಿರಲಿಲ್ಲ, ರಾಜನ ಅಪ್ಪಣೆ!

ನೀತಿ ಇಷ್ಟೇ ಮಕ್ಕಳೇ: ಗೊತ್ತಿದ್ದೂ ತಪ್ಪು ಹೇಳಿಕೊಟ್ಟವನು ತನ್ನ ಕೈಯಿಂದಲೇ ಸಿಕ್ಕಿಬೀಳುತ್ತಾನೆ. ಬೆಲ್ಟು ಹಾಕುವಾಗ ಬಾಣ ನೋಡಿ, ನಡುವಿಗೆ ತನ್ನಿ, ಒತ್ತಬೇಡಿ.