ಬಸವನಹುಳುವಿನ ಚಿತ್ರಕಥೆ

ಭಜನೆ ಮುಗಿದ ಒಂದು ಸಂಜೆ ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಗಿರಿಯಮ್ಮನವರು.

ಗುಡಿಯ ಅಂಗಳದಲ್ಲಿ ಒಂದು ಎಳೆಯ ಇರುವೆಗೆ ಅಂದೇ ಕೆಲಸದ ಮೊದಲ ದಿನ. ಸಿಕ್ಕಿತಲ್ಲ ಪ್ರಸಾದದ ಕೊಬ್ಬರಿ ಚೂರು! ಆದರೆ ಎಷ್ಟು ಎಳೆದರೂ ಅದು ಅಲುಗದು. ಪೂಜಾರಿಯ ಪೊರಕೆಯೋ ಗುಡಿಸುತ್ತಾ ಹತ್ತಿರ ಬರುತ್ತಿತ್ತು.

"ನಿನ್ನವರನ್ನು ಕರೆಯಬಾರದೇನಪ್ಪಾ?" ಎಂದಿತು ಗೋಡೆಯ ಮೇಲಿನ ಬಸವನಹುಳು.

"ಮೊದಲ ದಿನವೇ ಕೈಲಾಗದು ಅಂದರೆ ನಗುವುದಿಲ್ಲವೇ ಅಜ್ಜಾ?"

"ಹಾಗಾದರೆ ಇದನ್ನು ನೋಡು. ಹೊಸಬರಿಗೆಂದೇ ಬರೆದಿದ್ದೇನೆ."

ಗೋಡೆಯ ಮೇಲೆ ಬಸವನಹುಳು ಹರಿದ ಅಂಟಿನ ಬೆಳ್ಳಿಗೆರೆಯ ಮೂರು ಚಿತ್ರಗಳಿದ್ದವು. ಒಂದರಲ್ಲಿ ಇರುವೆ ಹೊರೆ ಎಳೆಯುತ್ತಿದೆ. ಇನ್ನೊಂದರಲ್ಲಿ ಅಂಗಾತ ಬಿದ್ದಿದೆ. ಕೊನೆಯದರಲ್ಲಿ ಬರೀ ಪೊರಕೆ.

"ಪೆದ್ದ! ಯಾರಜ್ಜಾ ಇವನು?" ಎಂದು ಇರುವೆ ಬಿದ್ದು ಬಿದ್ದು ನಕ್ಕಿತು.

"ಯಾರನ್ನೂ ಕರೆಯದೆ ಎಳೆಯುವವನು."

ಇರುವೆಯ ನಗು ನಿಂತಿತು. ಪೊರಕೆಯ ಸದ್ದು ಕಿವಿಯ ಹತ್ತಿರಕ್ಕೇ ಬಂದಿತ್ತು. "ಅಣ್ಣಂದಿರಾ, ಬನ್ನಿ! ನನ್ನೊಬ್ಬನಿಂದ ಆಗದು!" ಎಂದು ಕಿರುಚಿತು.

ಯಾರೂ ನಗಲಿಲ್ಲ. ಸಾಲಿಗೆ ಸಾಲೇ ಓಡಿಬಂತು. "ಕೂಗೋಕೆ ಇಷ್ಟು ಹೊತ್ತೇನೋ?" ಎಂದು ಗದರುತ್ತಲೇ ಹಿರಿಯ ಇರುವೆ ಹೆಗಲು ಕೊಟ್ಟಿತು. ಪೊರಕೆ ಬರುವಷ್ಟರಲ್ಲಿ ಚೂರು ಗೂಡು ಸೇರಿತ್ತು!

ಬಸವನಹುಳು ನಾಲ್ಕನೆಯ ಚಿತ್ರಕ್ಕೆ ತೊಡಗಿತು. "ಗೋಡೆ ಸಾಲದಲ್ಲಪ್ಪಾ, ಎಷ್ಟೊಂದು ಜನ!"

ಹೊಸದಾಗಿ ಕೆಲಸಕ್ಕೆ ಸೇರಿದವರು ನಿಮ್ಮ ಮನೆಯಲ್ಲಿದ್ದರೆ, ಊಟಕ್ಕೆ ಕೂತಾಗ ಅವರಿಗೂ ಇದನ್ನು ಹೇಳಿ.